ಪಿಸುಮಾತಿನ ಧ್ವನಿವರ್ಧಕ

ಕೊಡೆಯನ್ನು ಬಿಸಿಲಿಗಾಗಿ ಕೊಳ್ಳುವವರುಂಟು, ಮಳೆಗಾಗಿ ಕೊಳ್ಳುವವರುಂಟು. ಬಿಚ್ಚದೆ ಇಡಲೆಂದೇ ಕೊಳ್ಳುವವರನ್ನು ಯಾರೂ ಕಂಡಿರಲಾರರು. ಮನೆಯಲ್ಲಿ ಕುಳಿತು ಗಿಟಾರ್ ಅಭ್ಯಾಸ ಮಾಡುವುದಕ್ಕೆ ವಾಲ್ವ್ ಆಂಪ್ಲಿಫಯರ್ ಕೊಳ್ಳಹೊರಟವನ ಪಾಡು ಮಾತ್ರ ಹೆಚ್ಚುಕಡಮೆ ಅಂಥದೇ. ದನಿಯನ್ನು ಹಿಗ್ಗಿಸುವುದಕ್ಕೆಂದೇ ಹುಟ್ಟಿದ ಯಂತ್ರವನ್ನು, ಪಕ್ಕದ ಕೋಣೆಯವರ ನಿದ್ದೆ ಕೆಡಿಸಬಾರದೆಂಬ ಷರತ್ತಿನ ಮೇಲೆ ಮನೆಗೆ ಕರೆತರಬೇಕು. ಮದ್ದಾನೆಯನ್ನು ಹಿತ್ತಿಲ ಕರುವಿನ ಗೂಟಕ್ಕೆ ಕಟ್ಟುವ ಕೆಲಸವದು.

ಈ ಕೆಲಸಕ್ಕೆ ಕೈಹಾಕಿದಾತ ಚಿಂಚೋಳಿ ತಾಲ್ಲೂಕಿನ ಚಿಮ್ಮನಚೋಡದ ಒಬ್ಬ ಗುಮಾಸ್ತ. ತೊಗರಿಯ ಸೀಮೆ; ಮನೆಗೆ ನಾಲ್ಕು ಎಕರೆ ಹೊಲ. ಬೆಳಗಿನ ಬಸ್ಸಿಗೆ ಚಿಂಚೋಳಿಯ ಕಚೇರಿಗೆ ಹೋಗಿ ಸಂಜೆಯ ಬಸ್ಸಿಗೆ ಹಿಂದಿರುಗುವ ಈತನಿಗೆ ಕಲಬುರಗಿಯ ಹಾಸ್ಟೆಲಿನಲ್ಲಿದ್ದಾಗ ಗಿಟಾರಿನ ಹುಚ್ಚು ಹಿಡಿಯಿತು. 1981ರ 'ಗೀತಾ' ಚಿತ್ರದ ಶಂಕರನಾಗ್ ಎಷ್ಟು ಜನ ಹುಡುಗರ ಕೈಗೆ ಗಿಟಾರ್ ಕೊಟ್ಟರೋ ಲೆಕ್ಕವಿಟ್ಟವರಿಲ್ಲ; ಆ ಚಿತ್ರ ಬಂದು ಎಷ್ಟೋ ವರ್ಷಗಳಾದ ಮೇಲೆ ಹುಟ್ಟಿದ ಈತನೂ ಆ ಲೆಕ್ಕಕ್ಕೆ ಸೇರಿದವನೇ. ಮೊದಲು ಮರದ ಗಿಟಾರ್ ಬಂತು. ಅದರ ಹಿಂದೆಯೇ ವಿದ್ಯುತ್ ಗಿಟಾರ್ ಬಂತು. ಎರಡನೆಯದಕ್ಕೆ ಸ್ವಂತ ದನಿಯೆಂಬುದಿಲ್ಲ. ಉಕ್ಕಿನ ತಂತಿಗಳ ಕೆಳಗೆ ತಾಮ್ರದ ಸುರುಳಿ ಸುತ್ತಿದ ಅಯಸ್ಕಾಂತಗಳಿರುತ್ತವೆ. ತಂತಿ ಅಲುಗಿದರೆ ಅಲ್ಲಿ ಅತ್ಯಲ್ಪವಾದೊಂದು ವಿದ್ಯುತ್ತು ಹುಟ್ಟುತ್ತದೆ, ಅಷ್ಟೆ. ಅದನ್ನು ನಾದವಾಗಿಸಲು ಹೊರಗಿನವರು ಬೇಕು. ಎರಡು ವರ್ಷ ಆತ ಒಂದು ಅಗ್ಗದ ಟ್ರಾನ್ಸಿಸ್ಟರ್ ಪೆಟ್ಟಿಗೆಯಲ್ಲಿ ಕಾಲ ಕಳೆದ. ಆಮೇಲೆ ವಾಲ್ವಿನ ಮಾತು ಕಿವಿಗೆ ಬಿತ್ತು. ಕಿವಿಗೆ ಬಿದ್ದದ್ದು ತಲೆಯಲ್ಲಿ ಕುಳಿತಿತು.

ವಾಲ್ವಿಗೆ ಬೆಲೆ ಎಷ್ಟೆಂದು ತಾಯಿ ಕೇಳಿದಳು. ನಲವತ್ತರಿಂದ ಐವತ್ತು ಸಾವಿರವೆಂದು ಕೇಳಿದ ಮೇಲೆ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಬಡಿತ ಮಾತ್ರ ಜೋರಾಯಿತು.

"ಅಷ್ಟ ರೊಕ್ಕದಾಗ ಒಂದು ಎಮ್ಮಿ ಬರ್ತಾದ. ಎಮ್ಮಿ ಹಾಲರ ಕೊಡ್ತಾದ."

ಇದಕ್ಕೆ ಉತ್ತರವಿಲ್ಲ. ಆ ಹಣ ಆತ ಮೂರು ವರ್ಷ ತಿಂಗಳು ತಿಂಗಳಿಗೆ ಉಳಿಸಿದ್ದು ನಿಜ. ತಂಗಿ ಮುಂದಿನ ವರ್ಷ ಕಾಲೇಜಿಗೆ ಸೇರುವವಳೆಂಬುದೂ ಅಷ್ಟೇ ನಿಜ. ಆದುದರಿಂದ ಕೊಂಡರೆ ಒಂದೇ ಸಲ ಕೊಳ್ಳಬೇಕು, ಇನ್ನೊಂದು ಬೇಕೆನ್ನಿಸಬಾರದು, ಒಂದೇ ಪೆಟ್ಟಿಗೆ ಎಲ್ಲ ದನಿಯನ್ನೂ ಆಡಬೇಕು. ಸುಗ್ಗಿಯ ಮೇಲೆ ಊರಿಗೆ ಬರುವ ಹಗಲುವೇಷದವರು ಬೆಳಿಗ್ಗೆ ರಾಮನಾಗಿ ಸಂಜೆ ರಾವಣನಾಗುವಂತೆ, ಹಳೆಯ ಚಿತ್ರಗೀತೆಗೆ ತಿಳಿಯಾದ ದನಿ, ರಾಕ್ ಸಂಗೀತಕ್ಕೆ ಗರಗರ ದನಿ, ಎರಡೂ ಅದರಿಂದಲೇ ಬರಬೇಕು.

ಈ ಗರಗರ ದನಿಯ ಹಿಂದೆ ಒಂದು ಕಥೆಯಿದೆ. ವಾಲ್ವೆಂಬುದು ಗಾಳಿ ತೆಗೆದ ಗಾಜಿನ ಬುರುಡೆ. ಒಳಗೆ ಸಣ್ಣದೊಂದು ಕಾವು. ಕಾವಿಗೆ ಕೆಂಪಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಟು ಎದುರಿನ ತಗಡಿನ ಕಡೆಗೆ ಧಾವಿಸುತ್ತವೆ. ನಡುವೆ ನಿಂತ ಸಣ್ಣ ಜಾಲರಿ ತನ್ನ ಮೇಲೆ ಬಂದ ಅಲ್ಪ ವಿದ್ಯುತ್ತಿನಿಂದಲೇ ಆ ದೊಡ್ಡ ಪ್ರವಾಹವನ್ನು ಹಿಗ್ಗಿಸಿ ಕುಗ್ಗಿಸುತ್ತದೆ. ತೂಬಿನ ಬಾಗಿಲನ್ನು ಮಗುವೊಂದು ಬೆರಳಿನಿಂದ ಸರಿಸಿದರೂ ಕಾಲುವೆಯ ನೀರೆಲ್ಲ ಅದರ ಮಾತು ಕೇಳುವಂತೆ. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಈ ಜಾಲರಿಯನ್ನು ಸೇರಿಸಿದ ಮೇಲೆ ಮನೆಮನೆಯ ರೇಡಿಯೋ, ಮಾತಾಡುವ ಸಿನಿಮಾ, ಸಭೆಯ ಮೈಕು ಎಲ್ಲವೂ ಸಾಧ್ಯವಾದವು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿ ಮೂರು ದಶಕಗಳೊಳಗೆ ವಾಲ್ವನ್ನು ಮನೆಯಿಂದ ಹೊರಗಟ್ಟಿತು. ಗಿಟಾರಿನವರು ಮಾತ್ರ ಬಿಡಲಿಲ್ಲ. ವಾಲ್ವಿಗೆ ಶಕ್ತಿಮೀರಿ ಹೊರೆ ಹೊರಿಸಿದಾಗ ಅದು ನಾದದ ಅಲೆಯ ತುದಿಯನ್ನು ಕತ್ತರಿಸಿ ಒಗೆಯದೆ ಮೆಲ್ಲನೆ ದುಂಡಗೆ ಬಗ್ಗಿಸುತ್ತದೆ. ತಂತಿಯನ್ನು ಹಗುರವಾಗಿ ಮೀಟಿದರೆ ತಿಳಿದನಿ, ಒತ್ತಿ ಮೀಟಿದರೆ ಒರಟುದನಿ. ಗುಂಡಿ ತಿರುಗಿಸಬೇಕಾದ್ದಿಲ್ಲ, ಬೆರಳೇ ಸಾಕು. ದೋಷವೆಂದು ಎಂಜಿನಿಯರುಗಳು ಬಿಟ್ಟದ್ದನ್ನು ಸಂಗೀತಗಾರರು ಗುಣವೆಂದು ಎತ್ತಿಕೊಂಡರು. 1964ರಲ್ಲಿ ಇಂಗ್ಲೆಂಡಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಎಂಬ ಹುಡುಗ ಒರಟುದನಿಗಾಗಿ ತನ್ನ ಪುಟ್ಟ ಆಂಪ್ಲಿಫಯರಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿದ. ಆ ಹಾಡು ಲೋಕವನ್ನೆಲ್ಲ ಸುತ್ತಿತು. ಐವತ್ತು ಸಾವಿರ ಕೊಟ್ಟವನು ಆ ಪ್ರಯೋಗಕ್ಕೆ ಇಳಿಯುವುದು ಬೇಡ.

ಚಿಮ್ಮನಚೋಡಕ್ಕೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಗುಮಾಸ್ತ ಒಂದು ಭಾನುವಾರ ಅಲ್ಲಿನ ವಾದ್ಯದಂಗಡಿಯೊಂದಕ್ಕೆ ಹೋದ. ಅಂಗಡಿಯವನು ಬುದ್ಧಿವಂತ. ಮೊದಲಿಗೇ 50 ವಾಟಿನ ದೊಡ್ಡ ಪೆಟ್ಟಿಗೆಯನ್ನು ಹಚ್ಚಿ, ಗಾಜಿನ ಬಾಗಿಲುಗಳು ನಡುಗುವಂತೆ ಎರಡು ಸ್ವರ ಮೀಟಿ, "ದೊಡ್ಡದು ಕೊಂಡರೆ ಯಾವಾಗಲೂ ಸಣ್ಣದಾಗಿ ಬಾರಿಸಬಹುದು ಸರ್, ಸಣ್ಣದು ಕೊಂಡರೆ ದೊಡ್ಡದಾಗಿ ಬಾರಿಸಲಾಗದು" ಎಂದ. ಕೇಳಲು ಸೊಗಸಾದ ತರ್ಕ. ಅಕ್ಕಿಯ ವಿಷಯದಲ್ಲಿ ಸರಿಯಾದದ್ದೂ ಹೌದು. ವಾಲ್ವಿನ ವಿಷಯದಲ್ಲಿ ತಲೆಕೆಳಗು. ದೊಡ್ಡ ಯಂತ್ರವನ್ನು ಸಣ್ಣ ದನಿಯಲ್ಲಿ ಇಟ್ಟರೆ ಅದರ ದೊಡ್ಡ ವಾಲ್ವುಗಳು ಎಚ್ಚರಗೊಳ್ಳುವುದೇ ಇಲ್ಲ. ಯಾವ ಒರಟುದನಿಗಾಗಿ ಹಣ ಕೊಟ್ಟದ್ದೋ ಅದು ಊರೆಲ್ಲ ಎದ್ದ ಮೇಲೆಯೇ ಬರುತ್ತದೆ.

ಇನ್ನು ವಾಟಿನ ಗಣಿತ. ಜನ 50 ವಾಟೆಂದರೆ 5 ವಾಟಿನ ಹತ್ತರಷ್ಟು ಗದ್ದಲವೆಂದು ತಿಳಿಯುತ್ತಾರೆ. ಕಿವಿಯ ಲೆಕ್ಕ ಬೇರೆ. ಶಕ್ತಿ ಹತ್ತು ಮಡಿಯಾದರೆ ದನಿ ಏರುವುದು 10 ಡೆಸಿಬೆಲ್. ಕಿವಿಗೆ ಅದು ಸುಮಾರು ಇಮ್ಮಡಿಯೆನಿಸುತ್ತದೆ, ಅಷ್ಟೆ. 30 ವಾಟನ್ನು 15ಕ್ಕೆ ಇಳಿಸಿದರೆ ಕಡಮೆಯಾಗುವುದು ಬರಿಯ 3 ಡೆಸಿಬೆಲ್. ಗಿಟಾರಿನ ಸ್ಪೀಕರುಗಳೋ ಒಂದೇ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 95ರಿಂದ 100 ಡೆಸಿಬೆಲ್ ಕೂಗುವ ಜಾತಿಯವು. ಮನುಷ್ಯರು ಆಡುವ ಮಾತು 60ರ ಸುಮಾರು. ಅಂದಮೇಲೆ ನಡುಮನೆಗೆ ಒಂದು ವಾಟೇ ಹೆಚ್ಚಾಯಿತು. ಅದರಲ್ಲೂ ಈ ಸೀಮೆಯ ಮನೆಗಳಲ್ಲಿ! ನೆಲಕ್ಕೆ ಶಹಾಬಾದದ ಫರಸಿ, ಎಷ್ಟೋ ಮನೆಗಳಲ್ಲಿ ಮಾಳಿಗೆಗೂ ಅದೇ ಕಲ್ಲು. ಬೇಸಗೆಗೆ ತಂಪು, ನಾದಕ್ಕೆ ಮಾತ್ರ ಬಾವಿ. ಒಂದು ಸ್ವರ ಹೊರಟರೆ ನಾಲ್ಕು ಗೋಡೆಗೆ ತಲೆ ಬಡಿದುಕೊಂಡು ಹಿಂದಿರುಗುತ್ತದೆ. ಆಯಿಯ ಹಳೆಯ ಕೌದಿ ಎರಡನ್ನು ಹಿಂಗೋಡೆಗೆ ತೂಗುಹಾಕಿದರೆ ಸಾವಿರಾರು ರೂಪಾಯಿಯ ಸಲಕರಣೆ ಮಾಡದ ಉಪಕಾರವಾಗುತ್ತದೆ.

ಗುಮಾಸ್ತ ಎರಡನೆಯದಾಗಿ ಕೇಳಿದ್ದು ಒಂದೇ ಶಕ್ತಿವಾಲ್ವಿನ 5 ವಾಟಿನ ಸಣ್ಣ ಪೆಟ್ಟಿಗೆ. ಅಮೆರಿಕದ ಫೆಂಡರ್ ಕಂಪನಿಯ 'ಚಾಂಪ್' ಎಂಬ ಹಳೆಯ ಮಾದರಿಯ ವಂಶದ್ದು. ಕಲಿಯುವ ಮಕ್ಕಳಿಗೆಂದು ಮಾಡಿದ್ದನ್ನು ದೊಡ್ಡ ದೊಡ್ಡ ವಾದಕರು ರೆಕಾರ್ಡಿಂಗಿಗೆ ಒಯ್ದದ್ದುಂಟು. ದನಿ ಜೇನು. ಆದರೆ ಒಂದೇ ಗುಂಡಿ, ಒಂದೇ ದಾರಿ. ರಾಮನಾಗಬಲ್ಲದು, ರಾವಣನಾಗಲು ಮನೆ ನಡುಗಬೇಕು. ಮೂರನೆಯದು ವಾಲ್ವೇ ಇಲ್ಲದ ಗಣಕದ ಪೆಟ್ಟಿಗೆ. ಹತ್ತಾರು ಆಂಪ್ಲಿಫಯರುಗಳ ದನಿಯನ್ನು ಅನುಕರಿಸುತ್ತದೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಮನೆಯ ಬೆಕ್ಕಿಗೂ ಸುಳಿವಿಲ್ಲ, ಬೆಲೆ ಮೂರನೆಯ ಒಂದು ಪಾಲು. ನ್ಯಾಯವಾಗಿ ಹೇಳಬೇಕೆಂದರೆ ಬರಿಯ ಅಭ್ಯಾಸಕ್ಕೆ ಇದೇ ಸಾಕು. ಇದನ್ನು ಹೇಳದೆ ವಾಲ್ವನ್ನು ಹೊಗಳುವವರು ಅರ್ಧ ಸತ್ಯ ಹೇಳುವವರು. ಗುಮಾಸ್ತ ಅದರ ಮುಂದೆ ಒಂದು ಗಂಟೆ ಕುಳಿತಿದ್ದ. ಎಲ್ಲ ಸರಿಯಾಗಿತ್ತು. ಎದ್ದುಬಂದ. ಬೆರಳಿನ ಮಾತಿಗೂ ದನಿಯ ಉತ್ತರಕ್ಕೂ ನಡುವೆ ಯಾರೋ ದುಭಾಷಿ ಕುಳಿತಂತಿತ್ತೆಂಬುದು ಆತನ ಆಕ್ಷೇಪಣೆ. ಎಮ್ಮೆಯ ಲೆಕ್ಕದಲ್ಲಿ ಇದು ನಿಲ್ಲುವ ಕಾರಣವಲ್ಲ. ಸಂಗೀತದಲ್ಲಿ ಬೇರೆ ಕಾರಣವೂ ಇರುವುದಿಲ್ಲ.

ಕಡೆಗೆ ಮನಸ್ಸು ನಿಂತದ್ದು 15 ವಾಟಿನ ಒಂದು ಮಾದರಿಯ ಮೇಲೆ. ಎರಡು ಇಎಲ್ 84 ಶಕ್ತಿವಾಲ್ವು, ಮೊದಲ ಹಂತಕ್ಕೆ ಬೆರಳುದ್ದದ ಇಸಿಸಿ 83 ಮೂರು. ತಿಳಿದನಿಗೊಂದು ದಾರಿ, ಒರಟುದನಿಗೊಂದು ದಾರಿ. ಒರಟುದನಿಯ ದಾರಿಗೆ ಮೊದಲ ಹಂತಕ್ಕೊಂದು ಗುಂಡಿ, ಹೊರದನಿಗೊಂದು ಗುಂಡಿ. ಸಣ್ಣ ವಾಲ್ವುಗಳನ್ನು ಬೇಕಾದಷ್ಟು ಕೆರಳಿಸಿ ಹೊರದನಿಯನ್ನು ತಗ್ಗಿಸಬಹುದು. ಶಕ್ತಿಯನ್ನು ಒಂದು ವಾಟಿಗಿಂತ ಕೆಳಗಿಳಿಸುವ ಒಂದು ಸ್ವಿಚ್ಚೂ ಇತ್ತು. ಮಾಳಿಗೆಯ ಕಲ್ಲೇ ಪ್ರತಿಧ್ವನಿ ಕೊಡುವುದರಿಂದ ಸ್ಪ್ರಿಂಗಿನ ಪ್ರತಿಧ್ವನಿ ಇಲ್ಲದ್ದೇ ಆಗಬಹುದೆಂದು ಆತ ಅಷ್ಟು ಹಣ ಉಳಿಸಿದ. ದಿನಕ್ಕೊಂದು ಗಂಟೆಯ ಅಭ್ಯಾಸಕ್ಕೆ ಶಕ್ತಿವಾಲ್ವುಗಳು ಮೂರರಿಂದ ಐದು ವರ್ಷ ಬಾಳಿಯಾವು.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಇಂದು ಈ ವಾಲ್ವುಗಳು ಸ್ಲೊವಾಕಿಯ, ರಷ್ಯ, ಚೀನಗಳಿಂದ ಬರುತ್ತವೆ. ಆದರೆ ಒಂದು ಕಾಲದಲ್ಲಿ ಇವೇ ಇಸಿಸಿ 83, ಇಎಲ್ 84ಗಳು ಬೆಂಗಳೂರಿನ ಜಾಲಹಳ್ಳಿಯಲ್ಲಿ ತಯಾರಾಗುತ್ತಿದ್ದವು. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿತು. ದೇಶದ ಎಷ್ಟೋ ರೇಡಿಯೋಗಳೊಳಗೆ ಮಿನುಗಿದ್ದು ಬೆಂಗಳೂರಿನ ದೀಪ. ಆ ತಯಾರಿಕೆ ನಿಂತು ದಶಕಗಳು ಕಳೆದಿದ್ದರೂ, ಬಿಇಎಲ್ ಎಂಬ ಅಚ್ಚಿನ ಹಳೆಯ ವಾಲ್ವುಗಳನ್ನು ವಿದೇಶದ ಗಿಟಾರಿನವರು ಹುಡುಕಿ ಕೊಳ್ಳುತ್ತಾರೆ. ನಮ್ಮವರು ಗುಜರಿಗೆ ಹಾಕಿದ ಮೇಲೆ ಬೆಲೆ ಬಂದ ವಸ್ತುಗಳ ಸಾಲಿಗೆ ಇದನ್ನೂ ಸೇರಿಸಬಹುದು.

ಮನೆಯಲ್ಲಿ ಈ ವಿದ್ಯೆಯನ್ನು ಬಲ್ಲವನು ಒಬ್ಬನಿದ್ದನೆಂಬುದು ಗುಮಾಸ್ತನಿಗೆ ತಿಳಿಯದು. ಎಂಬತ್ತು ದಾಟಿದ ಮುತ್ಯಾ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದ. ಆತ ಹುಡುಗನಾಗಿದ್ದಾಗ ಇದು ಹೈದರಾಬಾದ್ ಸಂಸ್ಥಾನದ ನಾಡು. ಕರ್ನಾಟಕಕ್ಕೆ ಸೇರಿದ್ದು 1956ರ ನವೆಂಬರಿನಲ್ಲಿ. ಊರಿಗೆ ವಿದ್ಯುತ್ತು ಬರುವ ಮುನ್ನ ಬಲ್ಲವರ ಮನೆಯಲ್ಲೊಂದು ಬ್ಯಾಟರಿಯ ವಾಲ್ವ್ ರೇಡಿಯೋ ಇತ್ತು. ಬುಧವಾರ ರಾತ್ರಿ ಸಿಲೋನಿನ ಬಿನಾಕಾ ಗೀತಮಾಲೆಗೆ ಅಂಗಳ ತುಂಬುತ್ತಿತ್ತು. ಗುಂಡಿ ತಿರುಗಿಸಿದರೆ ಕೂಡಲೇ ಹಾಡುವ ಬಡಿವಾರ ಆಗಿನ್ನೂ ಬಂದಿರಲಿಲ್ಲ.

"ತಮ್ಮಾ, ನೀ ತರೋ ಪೆಟಗಿಯಾಗ ದೀಪ ಹತ್ತತಾವೇನು?"

"ಹತ್ತತಾವ ಮುತ್ಯಾ. ಅರ್ಧ ನಿಮಿಷ ಕಾಯಬೇಕು."

"ಹಂಗಾದ್ರ ನೆಲಕ್ಕ ತಂತಿ ಕೊಟ್ಟೀಯೇನು?"

ಹಳೆಯ ರೇಡಿಯೋಗಳಿಗೆ ಎರಡು ಬಾಲಗಳಿರುತ್ತಿದ್ದವು: ಒಂದು ಮಾಳಿಗೆಯ ಮೇಲಿನ ಏರಿಯಲ್, ಇನ್ನೊಂದು ನೆಲದಲ್ಲಿ ಹೂತ ಅರ್ಥಿನ ತಂತಿ. ಆ ಜಾಗಕ್ಕೆ ದಿನಾ ಒಂದು ತಂಬಿಗೆ ನೀರು ಸುರಿಯುವ ಕೆಲಸ ಹುಡುಗ ಮುತ್ಯಾನದು. ರೇಡಿಯೋದಲ್ಲಿ ಅದು ಗೊರಗೊರ ಸದ್ದು ಕಡಮೆ ಮಾಡುವುದಕ್ಕೆ. ಗಿಟಾರಿನಲ್ಲಿ ಪ್ರಾಣದ ಪ್ರಶ್ನೆ. ಗಿಟಾರಿನ ಉಕ್ಕಿನ ತಂತಿಗಳು ಆಂಪ್ಲಿಫಯರಿನ ಲೋಹದ ಮೈಗೆ ನೇರವಾಗಿ ಸೇರಿರುತ್ತವೆ. ಒಳಗೆ ಎಲ್ಲಿಯೋ ಒಂದು ತಂತಿ ಕಳಚಿ ಮೈಗೆ ತಾಗಿದರೆ, ಅರ್ಥಿಂಗ್ ಇದ್ದಲ್ಲಿ ಫ್ಯೂಸ್ ಹೋಗುತ್ತದೆ. ಇಲ್ಲದಿದ್ದರೆ 230 ವೋಲ್ಟು ವಾದಕನ ಬೆರಳಿಗೆ ಬಂದು ನಿಲ್ಲುತ್ತದೆ. ಬರಿಗಾಲಲ್ಲಿ ಒದ್ದೆ ಫರಸಿಯ ಮೇಲೆ ಕುಳಿತವನ ಗತಿ ಹೇಳಬೇಕಾದ್ದಿಲ್ಲ. ಇಂಗ್ಲೆಂಡಿನ ಯಾರ್ಡ್‌ಬರ್ಡ್ಸ್ ತಂಡದ ಹಾಡುಗಾರ ಕೀತ್ ರೆಲ್ಫ್ 1976ರ ಮೇ ತಿಂಗಳಲ್ಲಿ ತೀರಿಕೊಂಡದ್ದು ಹೀಗೆಯೇ. ಸಾವಿರ ಜನರ ಮುಂದಿನ ವೇದಿಕೆಯಲ್ಲಲ್ಲ, ತನ್ನ ಮನೆಯಲ್ಲಿ, ಅರ್ಥಿಂಗ್ ಸರಿಯಿಲ್ಲದ ಗಿಟಾರ್ ಹಿಡಿದು. ವಯಸ್ಸು 33.

ಗುಮಾಸ್ತ ಗೋಡೆಯ ಸಾಕೆಟ್ಟನ್ನು ಬಿಚ್ಚಿಸಿ ನೋಡಿದ. ಮೂರು ತೂತುಗಳಿದ್ದವು, ಮೂರನೆಯದರ ಹಿಂದೆ ತಂತಿಯೇ ಇರಲಿಲ್ಲ. ಮನೆ ಕಟ್ಟಿದಾಗಿನಿಂದ ಅದು ಶೋಭೆಗಾಗಿ ಇದ್ದ ತೂತು. ಸಂಜೆಯ ಹೊತ್ತು ವೋಲ್ಟೇಜು ಕುಸಿದು, ನಡುರಾತ್ರಿ ಪಂಪುಗಳು ನಿಂತ ಮೇಲೆ ಏರುವುದನ್ನೂ ಅಳೆದದ್ದಾಯಿತು. ವಾಲ್ವಿನ ಕಾವು 6.3 ವೋಲ್ಟಿನ ಆಸುಪಾಸಿನಲ್ಲೇ ಇರಬೇಕು. ಕಡಮೆಯಾದರೆ ದನಿ ಸೊರಗುತ್ತದೆ, ಬಹಳ ಹೆಚ್ಚಾದರೆ ವಾಲ್ವು ಸೊರಗುತ್ತದೆ. ಸ್ಟೆಬಿಲೈಸರಿಗೊಂದಿಷ್ಟು, ಅರ್ಥಿಂಗಿಗೊಂದಿಷ್ಟು ಎಂದು ಲೆಕ್ಕ ಹಾಕಿದಾಗ ಆರಿಸಿಟ್ಟ ಮಾದರಿ ಕೈಗೆಟಕದಾಯಿತು. ಅದೇ ಬಗೆಯದು, ಒಬ್ಬ ವಾದಕನು ಎರಡು ವರ್ಷ ಬಳಸಿ ಅಂಗಡಿಗೆ ಹಿಂದಿರುಗಿಸಿದ್ದು, ಮೂಲೆಯಲ್ಲಿತ್ತು. ಮೈಗೆ ಅಲ್ಲಲ್ಲಿ ತರಚು. ಬೆಲೆ ಮೂರರಲ್ಲಿ ಎರಡು ಪಾಲು. ಸ್ಪೀಕರಿನ ತಂತಿ ಜೋಡಿಸದೆ ಎಂದೂ ಹಚ್ಚಕೂಡದು, ಪ್ಲಗ್ಗು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳು ಮುನ್ನೂರರ ಸುಮಾರಿನ ವೋಲ್ಟನ್ನು ಹಿಡಿದಿಟ್ಟಿರುತ್ತವಾದ್ದರಿಂದ ಬಲ್ಲವರಲ್ಲದೆ ಯಾರೂ ಬಿಚ್ಚಕೂಡದು ಎಂಬ ಎರಡು ಎಚ್ಚರಿಕೆಗಳನ್ನು ಅಂಗಡಿಯ ರಿಪೇರಿಯವನು ಎರಡೆರಡು ಸಲ ಹೇಳಿ ಕಳಿಸಿದ.

ಪೆಟ್ಟಿಗೆ ಬಸ್ಸಿನಲ್ಲಿ ಬರುವ ಮುಂಚೆಯೇ ಹಿತ್ತಿಲಲ್ಲಿ ಗುಂಡಿ ತೋಡಿಯಾಗಿತ್ತು. ಲೈನಿನ ಕೆಲಸ ಬಲ್ಲವನೊಬ್ಬ ಪೈಪಿಳಿಸಿ, ಇದ್ದಲು ಉಪ್ಪು ತುಂಬಿ, ತಾಮ್ರದ ತಂತಿಯನ್ನು ಮನೆಯೊಳಕ್ಕೆ ಎಳೆದ. ತಾಯಿ ಬಾಗಿಲಲ್ಲಿ ನಿಂತು, "ಎಮ್ಮಿ ಕಟ್ಟೋ ಜಾಗದಾಗ ಉಪ್ಪು ಹೂತರು" ಎಂದಳು. ಉಳಿದ ಹಣ ತಂಗಿಯ ಫೀಜಿಗೆ ಸಾಲದು, ಆದರೆ ಪುಸ್ತಕಕ್ಕೆ ಸಾಕೆಂದು ಆಕೆಯೇ ಲೆಕ್ಕ ಹಾಕಿದ್ದಳು.

ಆಂಪ್ಲಿಫಯರನ್ನು ಹಚ್ಚಿದ್ದು ರಾತ್ರಿ ಎಂಟರ ಮೇಲೆ. ಹಿಂಬದಿಯ ಜಾಲರಿಯೊಳಗೆ ಐದು ಕೆಂಪು ಚುಕ್ಕೆಗಳು ನಿಧಾನವಾಗಿ ಮೂಡಿದವು. ಮುತ್ಯಾ ಹಿಂಬದಿಗೇ ಕುರ್ಚಿ ಹಾಕಿಸಿಕೊಂಡ. ಮೊಮ್ಮಗ ಮೀಟಿದ್ದು ಒಂದು ಹಳೆಯ ಚಿತ್ರಗೀತೆಯ ರಾಗ, ತಿಳಿದನಿಯಲ್ಲಿ, ಅರ್ಧ ವಾಟಿನಲ್ಲಿ. ಒಳಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದ ತಂಗಿ ಎದ್ದು ಬಂದು, ಇನ್ನಷ್ಟು ಏರಿಸಿದರೆ ಕೇಳಿಸುತ್ತಿತ್ತೆಂದಳು. ಗುಂಡಿಯನ್ನು ಒಂದು ಕೂದಲಿನಷ್ಟು ಬಲಕ್ಕೆ ತಿರುಗಿಸಲಾಯಿತು. ಮರುದಿನದಿಂದ ಆ ಗುಂಡಿಗೆ ದಿನಾ ಒಂದು ತಂಬಿಗೆ ನೀರು ಸುರಿಯುವ ಕೆಲಸವನ್ನು, ಯಾರೂ ಹೇಳದೆ, ಮುತ್ಯಾ ವಹಿಸಿಕೊಂಡ, ಗುಂಡಿಯೆಂದರೆ ಹಿತ್ತಿಲಿನದು.