ಒಂದು ರಾತ್ರಿಯ ಬೇಗಡೆ

ಹಬ್ಬಕ್ಕೆಂದೋ ಮೆರವಣಿಗೆಗೆಂದೋ ಮಾಡಿದ ಅಲಂಕಾರವನ್ನು ಕಲೆಯೆಂದು ಕರೆಯಕೂಡದೆಂದು ಚಿತ್ರಕಾರರಾದ ನನ್ನ ಮಿತ್ರರೊಬ್ಬರ ಹಟ. “ಬೆಳಗಾದರೆ ಗುಡಿಸಿ ಹಾಕುವ ವಸ್ತುವಿಗೆ ಅಷ್ಟು ದೊಡ್ಡ ಮಾತೇಕೆ?” ಎನ್ನುತ್ತಾರೆ. ವಾದದಲ್ಲಿ ನಾನು ಅವರಿಗೆ ಸಮನಲ್ಲ, ನಕ್ಕು ಸುಮ್ಮನಾಗುತ್ತೇನೆ. ಆದರೆ ಆ ಮಾತು ಬಂದಾಗಲೆಲ್ಲ ನನಗೆ ಓಸ್ಕರ್ ಶ್ಲೆಮ್ಮರ್ ಎಂಬ ಜರ್ಮನ್ ಚಿತ್ರಕಾರನ ನೆನಪಾಗುತ್ತದೆ.

ಶ್ಲೆಮ್ಮರ್ 1888ರಲ್ಲಿ ಸ್ಟುಟ್‌ಗಾರ್ಟಿನಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡು, ಮರದಲ್ಲಿ ಕೆತ್ತನೆಯ ತುಂಡುಗಳನ್ನು ಕೂರಿಸುವ ಕೆಲಸ ಕಲಿತು, ಆಮೇಲೆ ಚಿತ್ರಕ್ಕೆ ಬಂದವನು. ಅವನು ಬರೆದ ಮನುಷ್ಯರಿಗೆ ಬಹುಮಟ್ಟಿಗೆ ಕಣ್ಣು ಮೂಗುಗಳ ಗೊಡವೆಯಿಲ್ಲ. ಕಡೆದ ಬೊಂಬೆಯ ಹಾಗೆ ನುಣುಪಾದ ತಲೆ, ದುಂಡು ತೋಳು, ನೆಟ್ಟಗಿನ ಬೆನ್ನು. ಹೊಸ ಕಲೆಗೆ ಹೆಸರಾದ ಬೌಹೌಸ್ ಶಾಲೆಯಲ್ಲಿ 1923ರಿಂದ ರಂಗಶಾಲೆಯ ಭಾರ ಅವನದಾಗಿತ್ತು. ಬೌಹೌಸ್ ಎಂದರೆ ಉಕ್ಕಿನ ಕೊಳವೆಯ ಕುರ್ಚಿ, ಚಪ್ಪಟೆ ತಾರಸಿ, ಇಷ್ಟೇ ಎಂದು ತಿಳಿದವರೇ ಹೆಚ್ಚು. (ಆ ಕುರ್ಚಿಗಳಲ್ಲಿ ಅರ್ಧ ಗಂಟೆ ಕುಳಿತವರಿಗೆ ಅವುಗಳ ಮೇಲೆ ಪ್ರೀತಿ ಎಷ್ಟು ಉಳಿದೀತೋ ನಾನು ಹೇಳಲಾರೆ.) ಆದರೆ ಆ ಶಾಲೆಯಲ್ಲಿ ನೇಯ್ಗೆ, ಮರಗೆಲಸಗಳಷ್ಟೇ ಶ್ರದ್ಧೆಯಿಂದ ನಡೆಯುತ್ತಿದ್ದ ಇನ್ನೊಂದು ಪಾಠವಿತ್ತು. ಅದೇ ವೇಷದ ಕೂಟ.

ಅವುಗಳಲ್ಲೆಲ್ಲ ಹೆಸರಾದದ್ದು 1929ರ ಫೆಬ್ರವರಿ 9ರ ಶನಿವಾರ ಡೆಸ್ಸೌ ಪಟ್ಟಣದಲ್ಲಿ ನಡೆದ ಲೋಹದ ಹಬ್ಬ. ಕ್ರೈಸ್ತರ ಉಪವಾಸದ ದಿನಗಳಿಗೆ ಮುಂಚೆ ಬರುವ ಕಾರ್ನಿವಲ್ಲಿನ ಕಾಲ ಅದು. ಮೊದಲು ಗಂಟೆಗಳ ಹಬ್ಬವೆಂದು ಯೋಚಿಸಿದ್ದರಂತೆ. ಕೊನೆಗೆ ಲೋಹದ ಹಬ್ಬವೆಂದಾಯಿತು. ಶಾಲೆಯ ಎರಡು ಕಟ್ಟಡಗಳನ್ನು ಕೂಡಿಸುವ ಸೇತುವೆಯಿಂದ ಒಳಗೆ ಬರಬೇಕು. ಬರುವುದು ಹೇಗೆ? ನಡೆದಲ್ಲ, ತಗಡು ಹೊದಿಸಿದ ಜಾರುಬಂಡೆಯ ಮೇಲೆ ಜಾರಿಕೊಂಡು! ಗೌರವಸ್ಥ ಪ್ರಾಧ್ಯಾಪಕರೇ ಬರಲಿ, ಊರಿನ ದೊಡ್ಡ ಮನುಷ್ಯರೇ ಬರಲಿ, ಒಳಗೆ ಬೀಳುವಾಗ ಎಲ್ಲರೂ ಮಕ್ಕಳೇ. ಇಳಿದ ಕಡೆ ದೀಪದ ಬೆಳಕಿಗೆ ಹೊಳೆಯುವ ಬೆಳ್ಳಿಬಣ್ಣದ ಗುಂಡುಗಳ ಸಾಲು. ಗೋಡೆಗಳಿಗೆಲ್ಲ ಬೇಗಡೆ. ಒಂದು ಮೆಟ್ಟಿಲಸಾಲಂತೂ ಕಾಲಿಟ್ಟರೆ ಹಾಡುತ್ತಿತ್ತು. ಒಂದೊಂದು ಮೆಟ್ಟಿಲಿಗೆ ಒಂದೊಂದು ಸ್ವರ. ಬಂದವರ ಮೈಮೇಲೂ ತಗಡು, ಚಮಚ, ಬೇಗಡೆಯ ಉಡುಪು.

ಶ್ಲೆಮ್ಮರ್ ತನ್ನ ದಿನಚರಿಯಲ್ಲಿ ಆ ರಾತ್ರಿಯನ್ನು ಬಹಳ ಸಂತೋಷದಿಂದ ಬಣ್ಣಿಸಿದ್ದಾನೆ. ಸಂತೋಷವಾಗದೆ ಇದ್ದೀತೆ? ವರ್ಷಗಟ್ಟಲೆ ಬಟ್ಟೆಯ ಮೇಲೆ ಬರೆದ ಆ ನುಣುಪು ತಲೆಯ ಜನ, ಅಂದು ಚೌಕಟ್ಟಿನಿಂದ ಇಳಿದು ಬಂದು ಅವನ ಸುತ್ತ ಕುಣಿಯುತ್ತಿದ್ದರು. ಕೆಲಸ ಅವನೊಬ್ಬನದಲ್ಲ, ಶಾಲೆಯವರೆಲ್ಲರದು. ಆದರೆ ಕಣ್ಣು ಅವನದೆಂದು ನನಗನ್ನಿಸುತ್ತದೆ. ಬೆಳಗಾಯಿತು, ಬೇಗಡೆಯನ್ನು ಕಿತ್ತರು. ಕಿತ್ತವರು ಕಟ್ಟಿದವರೇ. ಅದರಲ್ಲಿ ದುಃಖವಿರಲಿಲ್ಲ.

ಇನ್ನು, ಉಳಿಯಲೆಂದೇ ಮಾಡಿದ ಕೆಲಸದ ಗತಿ ಏನಾಯಿತು ಕೇಳಿ. 1923ರಲ್ಲಿ ಅವನು ವೈಮಾರಿನಲ್ಲಿ, ಆಗ ಶಾಲೆಯಿದ್ದ ಕಟ್ಟಡದ ಗೋಡೆಗಳ ಮೇಲೆ ಚಿತ್ರಗಳನ್ನೂ ಉಬ್ಬುಶಿಲ್ಪಗಳನ್ನೂ ಮಾಡಿದ್ದ. ಅವು ಗಾರೆಯಷ್ಟೇ ಭದ್ರ. 1930ರಲ್ಲಿ ಆ ಪ್ರಾಂತದ ಮಂತ್ರಿಯಾಗಿದ್ದವನು ಹಿಟ್ಲರನ ಪಕ್ಷದ ಫ್ರಿಕ್. ಅವನ ಕಾಲದಲ್ಲಿ ಆ ಗೋಡೆಗಳನ್ನು ಹಾಳುಮಾಡಿದರು. ಸುಮಾರು ಏಳು ವರ್ಷವಷ್ಟೇ ಬಾಳಿದವೆನ್ನಿ. ಗುಡಿಸುವ ಪೊರಕೆ ಎಲ್ಲ ಕೈಗಳಲ್ಲೂ ಒಂದೇ ಅಲ್ಲ.

1933ರಲ್ಲಿ ಬರ್ಲಿನ್ನಿನ ಕೆಲಸ ಹೋಯಿತು. 1937ರಲ್ಲಿ ಮ್ಯೂನಿಕ್ಕಿನಲ್ಲಿ ‘ಕುಲಗೆಟ್ಟ ಕಲೆ’ ಎಂದು ಹೆಸರಿಟ್ಟು, ಜನ ನೋಡಿ ನಗಲೆಂದು ಏರ್ಪಡಿಸಿದ ಪ್ರದರ್ಶನದಲ್ಲಿ ಅವನ ಚಿತ್ರಗಳೂ ತೂಗಿದವು. ಹೊಟ್ಟೆಪಾಡಿಗಾಗಿ ಅವನು ಸ್ಟುಟ್‌ಗಾರ್ಟಿನಲ್ಲಿ ಗೋಡೆಗೆ ಬಣ್ಣ ಬಳಿಯುವ ಒಂದು ಸಂಸ್ಥೆ ಸೇರಿದ. ಯುದ್ಧ ಬಂದಾಗ ಅಲ್ಲಿಯ ಗ್ಯಾಸು ತುಂಬಿಡುವ ದೈತ್ಯ ತೊಟ್ಟಿಗೆ ಬಣ್ಣ ಹಚ್ಚುವ ಕೆಲಸ ಅವನ ಪಾಲಿಗೆ ಬಂತು. ಆಕಾಶದಲ್ಲಿ ಹಾರುವ ಶತ್ರುವಿನ ಕಣ್ಣಿಗೆ ಅದು ತೊಟ್ಟಿಯೆಂದು ಕಾಣಬಾರದು, ಹಾಗೆ ಬಳಿಯಬೇಕು. ವೇಷ ಹಾಕುವುದರಲ್ಲಿ ಪಳಗಿದ ಕೈ ತಾನೆ! ಬೆಳಕೆಲ್ಲ ಬಂದು ಬೀಳಲೆಂದು ಬೇಗಡೆ ಕಟ್ಟಿದ ಮನುಷ್ಯ, ಏನೂ ಕಾಣದಿರಲೆಂದು ಕುಂಚ ಹಿಡಿದು ಏಣಿ ಹತ್ತಿದ್ದನ್ನು ನೆನೆದರೆ ನನಗೆ ಮಾತು ಕಟ್ಟುತ್ತದೆ.

ಆಮೇಲೆ ವುಪ್ಪರ್ಟಾಲಿನ ಬಣ್ಣದ ಕಾರ್ಖಾನೆಯೊಂದು ಅವನಿಗೂ ಇನ್ನು ಕೆಲವು ಚಿತ್ರಕಾರರಿಗೂ ಕೆಲಸ ಕೊಟ್ಟಿತು. 1943ರ ಏಪ್ರಿಲ್ 13ರಂದು, 54ನೆಯ ವಯಸ್ಸಿನಲ್ಲಿ ತೀರಿಕೊಂಡ. ಅದಕ್ಕೆ ಹಿಂದಿನ ವರ್ಷ ಸಂಜೆಹೊತ್ತು ತನ್ನ ಕಿಟಕಿಯ ಬಳಿ ನಿಂತು ಎದುರು ಮನೆಗಳ ಕಿಟಕಿಗಳನ್ನು ನೋಡುತ್ತಿದ್ದನಂತೆ. ಕಂಡದ್ದನ್ನು ಚಿಕ್ಕ ಹಾಳೆಗಳಲ್ಲಿ ಬರೆದಿಟ್ಟ. ಹೊರಗೆ ಕತ್ತಲೆ, ಕಿಟಕಿಯ ಅಡ್ಡ ಕಂಬಿ, ಉದ್ದ ಕಂಬಿ, ಅವುಗಳ ಹಿಂದೆ ದೀಪದ ಬೆಳಕಿನಲ್ಲಿ ಮನೆಯ ಜನ. ಮುಖ ತಿಳಿಯದು. ವೇಷವೂ ಇಲ್ಲ. ತಮ್ಮ ಪಾಡಿಗೆ ಓಡಾಡಿಕೊಂಡಿದ್ದಾರೆ.