ದೊಡ್ಡಬೆಳವಂಗಲದಿಂದ ಕಲಾಸಿಪಾಳ್ಯಕ್ಕೆ ಒಂದು ಪಿಕಪ್ ಪಯಣ

ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಯ ಕಡೆಗೆ ಪಯಣಿಸಿದವರಿಗೆ ದೊಡ್ಡಬೆಳವಂಗಲ ಅಪರಿಚಿತ ಊರಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರವಿದು. ಸುತ್ತಲೂ ರಾಗಿಯ ಹೊಲಗಳು; ಕೊಳವೆಬಾವಿಯ ನೀರು ಮುಟ್ಟಿದ ಕಡೆಯಲ್ಲೆಲ್ಲ ಟೊಮೆಟೊ, ಹುರುಳಿಕಾಯಿ, ಸೇವಂತಿಗೆ. ನಮ್ಮ ಅಕ್ಕನನ್ನು ಈ ಊರಿಗೆ ಕೊಟ್ಟು ನಾಲ್ಕು ದಶಕಗಳು ಕಳೆದಿವೆ. ಹಿಂದೆ ನಾವು ಬಂದಾಗಲೆಲ್ಲ ಮನೆಯ ಮುಂದೆ ಎತ್ತಿನ ಗಾಡಿಯ ಮೂಕಿ ಕಾಣುತ್ತಿತ್ತು. ಈಗ ಅದೇ ಜಾಗದಲ್ಲಿ ಎರಡು ಸಿಲಿಂಡರಿನ ಚಿಕ್ಕ ಸರಕು ಗಾಡಿಯೊಂದು ನಿಂತಿರುತ್ತದೆ.

2025ರ ಜುಲೈ ತಿಂಗಳಿನಲ್ಲಿ, ಭೀಮನ ಅಮಾವಾಸ್ಯೆಗೆ ಇನ್ನೊಂದು ವಾರವಿದೆ ಎನ್ನುವಾಗ, ನಾವು ದಂಪತಿಗಳು ಅಲ್ಲಿಗೆ ಹೋದೆವು. ಹೋದ ದಿನವೇ ಮನೆಯಲ್ಲಿ ಒಂದು ಚರ್ಚೆ ಕಾವೇರಿರುವುದು ತಿಳಿಯಿತು. ಸೋದರಳಿಯನಿಗೆ ಚಿಕ್ಕ ಗಾಡಿಯನ್ನು ಕೊಟ್ಟು ನಾಲ್ಕು ಸಿಲಿಂಡರಿನ ಪಿಕಪ್ ಕೊಳ್ಳುವ ಹಂಬಲ. ಆಷಾಢದಲ್ಲಿ ಹೊಸ ವಾಹನ ಮನೆಗೆ ತರುವ ವಾಡಿಕೆಯಿಲ್ಲವಾದ್ದರಿಂದ ಶ್ರಾವಣಕ್ಕೆಂದು ಕಾದಿದ್ದ. ಬೆಲೆ ಎಂಟು ಲಕ್ಷಕ್ಕೂ ಮೀರಿದ್ದು, ಬಹುಪಾಲು ಸಾಲ. ಭಾವನವರಿಗೆ ಇದು ಸುತರಾಂ ಒಪ್ಪಿಗೆಯಿರಲಿಲ್ಲ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಹಲ್ಲು ಎಣಿಸಿ, ನಡೆಸಿ ನೋಡಿ ಎತ್ತು ಕೊಂಡವರು ಅವರು.

“ಎತ್ತಾದರೆ ಕೊಟ್ಟಿಗೆಯಲ್ಲಿ ನಿಂತರೂ ಮೇವು ತಿನ್ನುತ್ತೆ, ಗಾಡಿ ನಿಂತರೆ ಏನೂ ತಿನ್ನಲ್ಲ ಅಂತಾನೆ ಇವನು. ಕಂತು ತಿನ್ನೋದಿಲ್ವಾ? ನೀವೇ ಹೇಳಿ” ಎಂದು ನಮ್ಮನ್ನು ನ್ಯಾಯಕ್ಕೆ ಕೂರಿಸಿದರು.

ಅಳಿಯನ ಕೈಯಲ್ಲಿ ವಾಹನ ಮಳಿಗೆಯವರು ಕೊಟ್ಟ ಪ್ರಚಾರಪತ್ರವಿತ್ತು. ಲೀಟರಿಗೆ ಹದಿನೇಳು ಕಿಲೋಮೀಟರಿಗೂ ಮೇಲೆ ಎಂದು ಅದರಲ್ಲಿ ಮುದ್ರಿತವಾಗಿತ್ತು. “ಚಿಕ್ಕ ಗಾಡಿಯೂ ಹದಿನೇಳೂವರೆ ಕೊಡ್ತದೆ ಮಾವ. ಅಷ್ಟೇ ಡೀಸೆಲಿಗೆ ಹೆಚ್ಚುಕಡಿಮೆ ಎರಡರಷ್ಟು ಮಾಲು ಹೋಗೋದಾದರೆ ಬೇಡ ಅನ್ನೋದು ಯಾಕೆ?” ಎಂಬುದು ಅವನ ವಾದ. ವಾದವೇನೋ ಸರಿಯೇ. ಆದರೆ ಅವನು ಹೋಲಿಸುತ್ತಿದ್ದುದು ತಾನು ದಿನವೂ ಓಡಿಸಿ ಕಂಡ ಅಂಕಿಯನ್ನು, ಕಾಗದದ ಮೇಲಿನ ಅಂಕಿಯೊಡನೆ. ಮೂವತ್ತು ವರ್ಷ ಭೌತಶಾಸ್ತ್ರ ಕಲಿಸಿದ ನಮಗೆ ಸುಮ್ಮನಿರಲಾಗಲಿಲ್ಲ. ಆ ವಾರ ಚಿಕ್ಕ ಗಾಡಿ ರಿಪೇರಿಗೆ ಹೋಗಿದ್ದರಿಂದ ನೆರೆಮನೆಯವರು ತಮ್ಮ ಪಿಕಪ್ಪನ್ನು ಕೊಡಲೊಪ್ಪಿದ್ದರು. ಅದೂ ನಾಲ್ಕು ಸಿಲಿಂಡರಿನ, ಎರಡೂವರೆ ಲೀಟರ್ ಗಾತ್ರದ ಡೀಸೆಲ್ ಎಂಜಿನ್ನಿನದು. ಒಂದೇ ಷರತ್ತು: ತುಂಬಿದ ಟ್ಯಾಂಕಿನೊಡನೆ ಕೊಡುತ್ತೇವೆ, ತುಂಬಿಸಿಯೇ ಹಿಂದಿರುಗಿಸಬೇಕು. ಅಳತೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಯಾವುದು?

ರಾತ್ರಿ ಒಂದೂವರೆ ಗಂಟೆಗೆ ನಲವತ್ತೆಂಟು ಕ್ರೇಟ್ ಟೊಮೆಟೊ ಹೇರಿ ಹೊರಟೆವು. ಒಂದೊಂದರಲ್ಲಿ 25 ಕಿಲೋ. ಒಟ್ಟು ಹನ್ನೆರಡು ಕ್ವಿಂಟಲ್. ಮುಂದಿನ ಸೀಟಿನಲ್ಲಿ ಅಳಿಯನ ಪಕ್ಕ ನಾವಿಬ್ಬರೂ ಒತ್ತಿಕೊಂಡು ಕುಳಿತೆವು. ಕೆ.ಆರ್. ಮಾರುಕಟ್ಟೆಯ ಹೂವಿನ ರಾಶಿಯನ್ನು ನಸುಕಿನಲ್ಲಿ ನೋಡಬೇಕೆಂಬುದು ಮನೆಯವರ ಬಹುದಿನದ ಆಸೆ. ತರಕಾರಿ ಇಳಿಸುವ ಕಲಾಸಿಪಾಳ್ಯ ಅದರ ಮಗ್ಗುಲಲ್ಲೇ ಇದೆ.

ಊರು ದಾಟುವಷ್ಟರಲ್ಲಿಯೇ ರಸ್ತೆಯ ಉಬ್ಬುಗಳು ಆರಂಭವಾದವು. ಅಳಿಯ ಪ್ರತಿ ಉಬ್ಬಿಗೂ ಹತ್ತಿರ ಹೋಗಿ ಬ್ರೇಕ್ ಒತ್ತುವುದು, ದಾಟಿದೊಡನೆ ಆಕ್ಸಲರೇಟರ್ ತುಳಿದು ಐವತ್ತಕ್ಕೆ ಏರಿಸುವುದು. ನಾವು ಮನಸ್ಸಿನಲ್ಲೇ ಲೆಕ್ಕ ಹಾಕಿದೆವು. ಹೊರೆಯೊಡನೆ ಗಾಡಿಯ ತೂಕ ಸುಮಾರು 3 ಟನ್. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಅದರೊಳಗಿರುವ ಚಲನಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ. ಡೀಸೆಲಿನಲ್ಲಿರುವ ಶಕ್ತಿಯಲ್ಲಿ ಮೂರನೆಯ ಒಂದು ಪಾಲೂ ಚಕ್ರಕ್ಕೆ ಮುಟ್ಟುವುದಿಲ್ಲ. ಹಾಗಾಗಿ ನಿಂತ ಗಾಡಿಯನ್ನು ಮತ್ತೆ ಆ ವೇಗಕ್ಕೆ ತರಲು ಸುಮಾರು 25 ಮಿಲಿಲೀಟರ್ ಡೀಸೆಲ್ ಬೇಕು. ಎರಡು ಒಳಲೆಯಷ್ಟು ಎನ್ನಿ. ನಲವತ್ತು ಸಲ ಹೀಗೆ ನಿಂತು ಹೊರಟರೆ ಒಂದು ಲೀಟರ್ ಕರಗಿತು.

ಇದನ್ನು ಕೇಳಿದ ಮೇಲೆ ಅಳಿಯ ಉಬ್ಬು ಕಣ್ಣಿಗೆ ಬಿದ್ದ ಕೂಡಲೇ ಕಾಲು ತೆಗೆಯತೊಡಗಿದ; ಗೇರಿನಲ್ಲಿಯೇ ಗಾಡಿ ತಾನಾಗಿ ನಿಧಾನವಾಗುತ್ತಿತ್ತು. ಈಗಿನ ಡೀಸೆಲ್ ಎಂಜಿನ್ನುಗಳಲ್ಲಿ ಹೀಗೆ ಗೇರಿನಲ್ಲಿ ತೇಲುವಾಗ ಇಂಧನದ ಸಿಂಪರಣೆ ನಿಂತೇಹೋಗುತ್ತದೆ. ನ್ಯೂಟ್ರಲ್ಲಿಗೆ ಹಾಕಿ ಇಳಿಜಾರಿನಲ್ಲಿ ಬಿಡುವ ಹಳೆಯ ಚಾಲಕರ ಉಳಿತಾಯದಲ್ಲಿ ಉಳಿತಾಯವೂ ಇಲ್ಲ, ಎಂಜಿನ್ನಿನ ಹಿಡಿತ ತಪ್ಪಿದ ಅಪಾಯ ಬೇರೆ.

ದೊಡ್ಡಬಳ್ಳಾಪುರದ ಒಂದೆರಡು ಕೇರಿಗಳಿಂದ ಆ ಹೊತ್ತಿನಲ್ಲಿಯೂ ಮಗ್ಗದ ಸದ್ದು ಕೇಳಿಬಂತು. ರಾಜಾನುಕುಂಟೆ, ಯಲಹಂಕ, ಹೆಬ್ಬಾಳ ದಾಟಿದ್ದು ತಿಳಿಯಲೇ ಇಲ್ಲ. ವೇಗ ಐವತ್ತರಿಂದ ಐವತ್ತೈದು. 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘದವರು 45ರಿಂದ 55ರ ವೇಗವೇ ಮಿತವ್ಯಯಕಾರಿ ಎಂದು ಸಾರುತ್ತ ಬಂದಿದ್ದಾರೆ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಕ್ರೇಟಿನ ಮೇಲೆ ಸಡಿಲವಾಗಿ ಪಟಪಟಿಸುವ ಟಾರ್ಪಾಲಿನಿಂದ ಅದು ಇನ್ನಷ್ಟು ಹೆಚ್ಚು. ಅಳಿಯ ಅರ್ಧ ದಾರಿಯಲ್ಲಿ ಇಳಿದು ಹಗ್ಗ ಬಿಗಿದ.

ಮೂರು ಗಂಟೆ ಕಳೆದು ಐದು ನಿಮಿಷಕ್ಕೆ ಕಲಾಸಿಪಾಳ್ಯ. ಅಲ್ಲಿನ ಗದ್ದಲ, ಹಮಾಲರ ಕೂಗು, ಕೊಳೆತ ಕೋಸಿನ ಎಲೆಯ ಮೇಲೆ ಜಾರುವ ಕಾಲು ಓದುಗರಲ್ಲಿ ಅನೇಕರಿಗೆ ಪರಿಚಿತವೇ. ಮಾಲು ಇಳಿಸಿ, ಬಂಕಿಗೆ ಹೋಗಿ, ನಳಿಕೆ ತಾನಾಗಿ ನಿಲ್ಲುವವರೆಗೆ ತುಂಬಿಸಿದೆವು: 54 ಕಿಲೋಮೀಟರಿಗೆ 4.3 ಲೀಟರ್. ಎಂದರೆ ಲೀಟರಿಗೆ ಹನ್ನೆರಡೂವರೆ. ಅಳಿಯನ ಮುಖ ಬಾಡಿತು. “ಹೊರೆ ಇತ್ತಲ್ಲ ಮಾವ. ಬರುವಾಗ ನೋಡಿ, ಖಾಲಿ ಗಾಡಿ, ಹದಿನೇಳು ಬಂದೇ ಬರ್ತದೆ” ಎಂದ. ಮನೆಯವರು ಸೇವಂತಿಗೆ, ಕನಕಾಂಬರಗಳ ನಡುವೆ ಒಂದು ಗಂಟೆ ಸುತ್ತಿ, ಎರಡು ಮಾರು ಮಲ್ಲಿಗೆಗೆ ಊರಿನ ಬೆಲೆಯನ್ನೇ ಕೊಟ್ಟು ಬಂದರು.

ಅಡತಿಯವರ ಲೆಕ್ಕ ಮುಗಿದು ಹೊರಟಾಗ ಎಂಟು ಗಂಟೆ. ರಾತ್ರಿ ಒಂದೂವರೆ ಗಂಟೆಯಲ್ಲಿ ಕ್ರಮಿಸಿದ ದಾರಿಗೆ ಈಗ ಎರಡು ಗಂಟೆ ನಲವತ್ತು ನಿಮಿಷ ಹಿಡಿಯಿತು. ಮೇಖ್ರಿ ವೃತ್ತದಲ್ಲಿ, ಹೆಬ್ಬಾಳದಲ್ಲಿ ಗಾಡಿ ಉರುಳಿದ್ದಕ್ಕಿಂತ ನಿಂತದ್ದೇ ಹೆಚ್ಚು. ನಿಂತಲ್ಲಿಯೇ ಉರಿಯುವ ಈ ಗಾತ್ರದ ಎಂಜಿನ್ನು ಗಂಟೆಗೆ ಅರ್ಧ ಲೀಟರಿಗೂ ಮೀರಿ ಕುಡಿಯುತ್ತದೆ. ಊರಿನ ಬಂಕಿನಲ್ಲಿ ತುಂಬಿಸಿದಾಗ 4.2 ಲೀಟರ್ ಹಿಡಿಯಿತು. ಹನ್ನೆರಡು ಕ್ವಿಂಟಲ್ ಹೊತ್ತು ಹೋದ ಗಾಡಿಯೂ ಬರಿದಾಗಿ ಬಂದ ಗಾಡಿಯೂ ಕುಡಿದದ್ದು ಹೆಚ್ಚುಕಡಿಮೆ ಒಂದೇ! ನಾವೂ ಇದನ್ನು ನಿರೀಕ್ಷಿಸಿರಲಿಲ್ಲ. ಇಡೀ ಹೊರೆಯಷ್ಟು ಡೀಸೆಲನ್ನು ಬೆಳಗಿನ ಸಂದಣಿಯೊಂದೇ ನುಂಗಿತ್ತು.

ಹಾಗಾದರೆ ಪ್ರಚಾರಪತ್ರದ ಅಂಕಿ ಸುಳ್ಳೇ? ಸುಳ್ಳೆನ್ನಲಾಗದು. ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ವಾಹನದ ಚಕ್ರಗಳನ್ನು ಉರುಳೆಗಳ ಮೇಲಿಟ್ಟು, ಗೊತ್ತುಪಡಿಸಿದ ಕ್ರಮದಲ್ಲಿ ಇಪ್ಪತ್ತು ನಿಮಿಷಕ್ಕೂ ಕಡಿಮೆ ಹೊತ್ತು ಓಡಿಸಿ ಬಂದ ಫಲ ಅದು. ಅಲ್ಲಿ ಎದುರುಗಾಳಿಯಿಲ್ಲ, ಉಬ್ಬಿಲ್ಲ. ಮುಖ್ಯವಾಗಿ, ಪಿಕಪ್ಪಿನಂಥ ಹಗುರ ವಾಹನಗಳನ್ನು ಅಲ್ಲಿ ತುಂಬು ಹೊರೆಯ ತೂಕದಲ್ಲಿ ಪರೀಕ್ಷಿಸುವುದಿಲ್ಲ. ಅಮೆರಿಕದಲ್ಲಿ ಇಂತಹ ಪ್ರಯೋಗಾಲಯದ ಅಂಕಿ ರಸ್ತೆಯಲ್ಲಿ ದೊರೆಯುವುದಿಲ್ಲವೆಂದು ಜನ ದೂರಿದ್ದರಿಂದ, 1985ರ ಮಾದರಿಗಳಿಂದ ಅಲ್ಲಿನ ಸರ್ಕಾರವೇ ನಗರದ ಅಂಕಿಯಲ್ಲಿ ಶೇಕಡಾ 10, ಹೆದ್ದಾರಿಯ ಅಂಕಿಯಲ್ಲಿ ಶೇಕಡಾ 22 ಕಡಿತಗೊಳಿಸಿ ಪ್ರಕಟಿಸಿತು. ನಮ್ಮಲ್ಲಿ ಆ ಕಡಿತವನ್ನು ಕೊಳ್ಳುವವನೇ ಮಾಡಿಕೊಳ್ಳಬೇಕು.

ಸಿಲಿಂಡರಿನ ಸಂಖ್ಯೆಯ ಬಗ್ಗೆಯೂ ಒಂದು ಮಾತು. ಭಾವನವರು “ನಾಲ್ಕು ಬಾಯಿ, ಎರಡು ಬಾಯಿಗಿಂತ ಹೆಚ್ಚು ತಿನ್ನಲೇಬೇಕಲ್ಲ” ಎಂದರು. ಸಿಲಿಂಡರ್ ಎಂಬುದು ಒರಳಿಗೆ ಬೀಳುವ ಒನಕೆಯಂತೆ. ಇಬ್ಬರು ಕುಟ್ಟುವಾಗ ಪೆಟ್ಟಿನ ನಡುವೆ ಬಿಡುವು ಹೆಚ್ಚು. ನಾಲ್ವರು ಸರದಿಯಲ್ಲಿ ಕುಟ್ಟಿದರೆ ಏಟು ಎಡೆಬಿಡದೆ ಬೀಳುತ್ತದೆ, ಅದುರು ಕಡಿಮೆ. ಡೀಸೆಲ್ ಕುಡಿಯುವುದು ಸಂಖ್ಯೆಯಲ್ಲ. ಎಂಜಿನ್ನಿನ ಗಾತ್ರ, ಗಾಡಿಯ ತೂಕ, ಓಡಿಸುವ ರೀತಿ. 2005ರಲ್ಲಿ ಬಂದ ಟಾಟಾ ಏಸ್‌ನದು 702 ಸಿಸಿಯ ಎರಡು ಸಿಲಿಂಡರು; 2011ರಲ್ಲಿ ಬಂದ ಅಶೋಕ್ ಲೇಲ್ಯಾಂಡ್ ದೋಸ್ತ್‌ನದು ಮೂರು; ಮಹೀಂದ್ರಾ ಬೊಲೆರೊ ಪಿಕಪ್ಪಿನದು 2,523 ಸಿಸಿಯ ನಾಲ್ಕು. ಒಂದೊಂದು ಒಂದೊಂದು ಹೊರೆಗೆ ಹುಟ್ಟಿದ್ದು.

ಒಂದು ಸಲದ ಅಳತೆಯನ್ನು ನಂಬಲಾಗದೆಂದು ಆ ವಾರ ಇನ್ನೆರಡು ಸಲ ಅಳೆಯಲಾಯಿತು: ಒಮ್ಮೆ 13.1, ಮಳೆಯ ಸೋಮವಾರ 11.7. ಮೊದಲನೆಯದು ಹೋಗಿ ಬಂದು 12.7. ಸರಾಸರಿ ಹನ್ನೆರಡೂವರೆ. ಲೆಕ್ಕವನ್ನು ಮುಗಿಸಿದವಳು ಮಾತ್ರ ನಾವಲ್ಲ, ಆ ಮನೆಯ ಸೊಸೆ. ಚಿಕ್ಕ ಗಾಡಿಯ ಡೀಸೆಲ್ ಚೀಟಿಗಳನ್ನೆಲ್ಲ ನೋಟುಬುಕ್ಕಿನಲ್ಲಿ ಬರೆದಿಡುತ್ತ ಬಂದವಳು ಅವಳೇ. “ಮಾವ, ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನೋದು ಬಿಡಿ. ಕ್ರೇಟಿಗೆ ಎಷ್ಟು ರೂಪಾಯಿ ಅಂತ ಹೇಳಿ” ಎಂದಳು. ನಾವು ಪೆಚ್ಚಾದೆವು.

2025ರ ಏಪ್ರಿಲ್ 1ರಂದು ರಾಜ್ಯದ ಮಾರಾಟ ತೆರಿಗೆ ಶೇಕಡಾ 18.44ರಿಂದ 21.17ಕ್ಕೆ ಏರಿದ ಬಳಿಕ ಆ ದಿನಗಳಲ್ಲಿ ಡೀಸೆಲ್ ಲೀಟರಿಗೆ 91 ರೂಪಾಯಿಯ ಆಸುಪಾಸಿನಲ್ಲಿತ್ತು. ಹೋಗಿ ಬರುವ 108 ಕಿಲೋಮೀಟರಿಗೆ ಪಿಕಪ್ಪಿಗೆ ಸುಮಾರು 786 ರೂಪಾಯಿ; ನಲವತ್ತೆಂಟು ಕ್ರೇಟಿಗೆ ಹಂಚಿದರೆ ತಲಾ 16. ಚಿಕ್ಕ ಗಾಡಿಗೆ 562. ಅದು ಹೊರುವ ಇಪ್ಪತ್ತೆಂಟಕ್ಕೆ ಹಂಚಿದರೆ ತಲಾ 20. ಅಳಿಯನ ಮುಖ ಅರಳಿತು. ಸೊಸೆ ಹಾಳೆ ತಿರುವಿದಳು. ಹಿಂದಿನ ಹಂಗಾಮಿನಲ್ಲಿ ನಲವತ್ತು ಕ್ರೇಟಿಗೆ ಮೇಲ್ಪಟ್ಟು ಕೊಯ್ದ ದಿನಗಳು ಬೆರಳೆಣಿಕೆಯಷ್ಟು. ಮಿಕ್ಕೆಲ್ಲ ದಿನ ಇಪ್ಪತ್ತರ ಆಚೀಚೆ. ಇಪ್ಪತ್ತು ಕ್ರೇಟನ್ನೇ ಹೊತ್ತು ಹೋದರೆ ಚಿಕ್ಕ ಗಾಡಿಯಲ್ಲಿ ತಲಾ 28 ರೂಪಾಯಿ. ಪಿಕಪ್ಪಿನಲ್ಲಿ, ಹೊರೆ ಇಳಿದಷ್ಟು ಡೀಸೆಲ್ ಉಳಿದರೂ, 35ಕ್ಕೆ ಮೇಲೆ. ಕಂತು ಬೇರೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ದಾಟಿದಾಗ ಇದನ್ನು ಯಾರೂ ಲೆಕ್ಕಿಸುತ್ತಿರಲಿಲ್ಲ. ಕಿಲೋಗೆ ಆರು ರೂಪಾಯಿಯ ದಿನ ಇಡೀ ಕ್ರೇಟಿನ ಬೆಲೆಯೇ 150.

ಅಳಿಯ ಬಹಳ ಹೊತ್ತು ಮಾತಾಡಲಿಲ್ಲ. ಸಂಜೆ ಪಿಕಪ್ಪನ್ನು ತೊಳೆದು, ಟ್ಯಾಂಕು ತುಂಬಿಸಿ, ನೆರೆಮನೆಗೆ ಬಿಟ್ಟುಬರಲು ಹೋದವನು ಕತ್ತಲಾದರೂ ಹಿಂದಿರುಗಲಿಲ್ಲ. ಬಂದಾಗ ಒಂದು ಒಪ್ಪಂದ ಮಾಡಿಕೊಂಡು ಬಂದಿದ್ದ. ನೆರೆಮನೆಯವರಿಗೂ ಪಿಕಪ್ ತುಂಬುವಷ್ಟು ಮಾಲು ದಿನವೂ ಇರಲಿಲ್ಲವಂತೆ. ಕೊಯ್ಲು ಹೆಚ್ಚಿದ ದಿನ ಎರಡೂ ಮನೆಯ ಕ್ರೇಟುಗಳು ಅವರ ಪಿಕಪ್ಪಿನಲ್ಲಿ. ಕಡಿಮೆಯಿದ್ದ ದಿನ ಎರಡೂ ಮನೆಯದು ಇವನ ಚಿಕ್ಕ ಗಾಡಿಯಲ್ಲಿ. ಡೀಸೆಲ್ ಕ್ರೇಟಿನ ಲೆಕ್ಕದಲ್ಲಿ ಹಂಚಿಕೆ. ಹೊಸ ಗಾಡಿಯ ಮಾತು ಮುಂದಿನ ಶ್ರಾವಣಕ್ಕೆ.

ಭಾವನವರು ಲಿಂಗಪೂಜೆ ಮುಗಿಸಿ ಪ್ರಸಾದಕ್ಕೆ ಕುಳಿತಿದ್ದರು. ಎಲ್ಲವನ್ನೂ ಕೇಳಿ, “ಚಕ್ರಕ್ಕೆ ಗಾಳಿ ಸರಿ ಇದೆಯಾ ನೋಡಿಸಿದೆಯಾ?” ಎಂದಷ್ಟೇ ಕೇಳಿದರು. ನೋಡಿಸಿರಲಿಲ್ಲ. ಸೊಸೆ ಅದನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡಳು.