ಮಂಠಾಳದಿಂದ ಕಡಲಿಗೆ

ಮಹಾಕಾವ್ಯದ ಹದಿನೆಂಟು ವರ್ಣನೆಗಳನ್ನು ನಾನು ತರಗತಿಯಲ್ಲಿ ಪಾಠ ಹೇಳತೊಡಗಿ ಹತ್ತು ವರ್ಷಗಳಾದುವು. ದಂಡಿ ಕೊಟ್ಟ ಪಟ್ಟಿಯಲ್ಲಿ ನಗರದ ಬೆನ್ನಿಗೇ ಬರುವುದು ಅರ್ಣವ, ಎಂದರೆ ಕಡಲು. ಅದರ ತೆರೆ, ನೊರೆ, ಗಾಂಭೀರ್ಯ, ಭೋರ್ಗರೆತ ಇವನ್ನೆಲ್ಲ ಕೈಯಾಡಿಸಿ ವಿವರಿಸುತ್ತಿದ್ದ ಒಂದು ದಿನ, ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದುನಿಂತು, “ಸರ್, ನೀವು ಸಮುದ್ರ ನೋಡೀರೇನ್ರಿ?” ಎಂದು ಕೇಳಿದಳು. ಮೂವತ್ತೈದು ದಾಟಿದ ಎಂ.ಎ. ಪದವೀಧರನಾದ ನಾನು ಕಡಲನ್ನು ಕಂಡದ್ದು ಚಲನಚಿತ್ರಗಳಲ್ಲಿ ಮಾತ್ರ. ಆ ಮಾತನ್ನು ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ. ಗಂಟೆ ಬಾರಿಸಿ ನನ್ನ ಮಾನ ಉಳಿಯಿತು.

ನಮ್ಮ ಮಂಠಾಳ ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನದು. ಮಹಾರಾಷ್ಟ್ರದ ಗಡಿಗೆ ಹತ್ತಿರ. ತೊಗರಿ, ಜೋಳ, ಸೋಯಾ ಬೆಳೆಯುವ ಕರಿಮಣ್ಣಿನ ಬಯಲು. ಇಲ್ಲಿ ನೀರೆಂದರೆ ವರ್ಣನೆಯ ವಸ್ತುವಲ್ಲ, ಲೆಕ್ಕದ ವಸ್ತು. 2016ರ ಏಪ್ರಿಲಿನಲ್ಲಿ ನೆರೆಯ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತೆಂಬುದನ್ನು ಓದುಗರು ಮರೆತಿರಲಾರರು. ನನ್ನ ಅವ್ವ ನಲವತ್ತು ವರ್ಷ ತಲೆಯ ಮೇಲೆ ಕೊಡ ಹೊತ್ತವಳು. ತರಗತಿಯ ಪ್ರಸಂಗವನ್ನು ರಾತ್ರಿ ಊಟದ ಹೊತ್ತಿಗೆ ಹೇಳಿದಾಗ ಅವಳು ನಗಲಿಲ್ಲ. “ನಾನೂ ನೋಡಿಲ್ಲಪ್ಪಾ” ಎಂದಳು. ಅಷ್ಟೇ. ಮರುದಿನವೇ ನನ್ನಾಕೆ ಕಟಕ ರೊಟ್ಟಿ, ಶೇಂಗಾ ಹಿಂಡಿಯ ಸಿದ್ಧತೆಗೆ ತೊಡಗಿದಳು.

ಕಾರವಾರವನ್ನೇ ಏಕೆ ಆರಿಸಿದಿರೆಂದು ಗೆಳೆಯರು ಕೇಳಿದರು. ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ ಗೋವೆಯ ಕದಂಬರು ಸಾಮಂತರಾಗಿದ್ದರು. ಹಡಗುಗಳನ್ನು ಇಟ್ಟುಕೊಂಡಿದ್ದ ಅರಸರು ಅವರು. ಆರನೆಯ ವಿಕ್ರಮಾದಿತ್ಯನ ಮಗಳು ಮೈಳಲದೇವಿಯನ್ನು ಆ ವಂಶದ ಎರಡನೆಯ ಜಯಕೇಶಿಗೆ ಕೊಟ್ಟು ಮದುವೆ ಮಾಡಿದ್ದರು. ಒಂಬೈನೂರು ವರ್ಷಗಳ ಹಿಂದೆ ನಮ್ಮ ಕಲ್ಯಾಣದ ಹೆಣ್ಣುಮಗಳೊಬ್ಬಳು ಪಡುವಣ ಕಡಲಿನ ಸೀಮೆಗೆ ಸೊಸೆಯಾಗಿ ಹೋಗಿದ್ದಳು. ಅವ್ವನಿಗೆ ಈ ಕತೆ ಬಹಳ ಹಿಡಿಸಿತು. “ಹಂಗಾರ ಬೀಗರ ಊರೇ ಆಯ್ತು” ಎಂದು ಒಂದು ಮಾತು ಹಾಕಿದಳು.

ತೊಗರಿಯ ರಾಶಿ ಮುಗಿದ ಮಾಘದ ಒಂದು ಶುಕ್ರವಾರ ಸಂಜೆ ಹೊರಟೆವು. ಕಲಬುರಗಿಯಿಂದ ರಾತ್ರಿಯ ಬಸ್ಸು, ನಸುಕಿಗೆ ಹುಬ್ಬಳ್ಳಿ. ಐನೂರು ಕಿಲೋಮೀಟರಿಗೂ ಮೀರಿದ ದಾರಿಯಲ್ಲಿ ಹೇಳತಕ್ಕದ್ದು ಯಲ್ಲಾಪುರ ದಾಟಿದ ಮೇಲಿನದು. ಅರಬೈಲು ಘಟ್ಟದಲ್ಲಿ ಬಸ್ಸು ಸುತ್ತಿ ಸುತ್ತಿ ಇಳಿಯುವಾಗ ಅವ್ವ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಇಷ್ಟೊಂದು ಮರಗಳಿಗೆ ನೀರುಣಿಸುವವರು ಯಾರೆಂದು ಅವಳಿಗೆ ಸಂದೇಹ!

ಹನ್ನೊಂದರ ಸುಮಾರಿಗೆ ಕಾರವಾರ. ವಸತಿಗೃಹದಲ್ಲಿ ಗಂಟುಮೂಟೆ ಇಳಿಸಿ ನೇರವಾಗಿ ಕಡಲ ದಂಡೆಗೆ ನಡೆದೆವು. ಗಾಳಿಮರಗಳ ಸಾಲು ದಾಟಿದೊಡನೆ ಅದು ಕಂಡಿತು. ನಾನು ಹತ್ತು ವರ್ಷ ಉಪಯೋಗಿಸಿದ ವಿಶೇಷಣಗಳಲ್ಲಿ ಒಂದೂ ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಭೋರ್ಗರೆತವಂತೂ ಇರಲೇ ಇಲ್ಲ. ಎರಡು ಕಡೆಯ ಗುಡ್ಡಗಳೂ ಮುಂದಿನ ನಡುಗಡ್ಡೆಗಳೂ ತಡೆದಿರುವುದರಿಂದ ಕಾರವಾರದ ಕೊಲ್ಲಿ ಶಾಂತವಾದುದು. ತೆರೆಗಳು ಸದ್ದಿಲ್ಲದೆ ಬಂದು ಮರಳಿನ ಮೇಲೆ ಹರಡುತ್ತಿದ್ದುವು. ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಕೊನೆಗೆ, “ಆಚೀ ದಂಡಿ ಎಲ್ಲಿ ಅದ?” ಎಂದು ಕೇಳಿದಳು.

ನಾನು ಅರಬಸ್ಥಾನದ ಹೆಸರು ಹೇಳಿದೆ. ಅವಳು ನಂಬಿದಂತೆ ಕಾಣಲಿಲ್ಲ.

ಹೀಗೆ ಸುಮ್ಮನೆ ಕಡಲನ್ನು ನೋಡುವುದಕ್ಕೆಂದೇ ಎರಡು ದಿನ ಹೋಗಿಬರುವ ಪದ್ಧತಿ ಯೂರೋಪಿನಲ್ಲೂ ಅಷ್ಟೇನೂ ಹಳೆಯದಲ್ಲ. ಅಲ್ಲಿ ಅದು ಆರಂಭವಾದದ್ದು ಔಷಧವಾಗಿ. ಸ್ಪೇನಿನ ಬಾಸ್ಕ್ ಸೀಮೆಯ ಸಾನ್ ಸೆಬಾಸ್ಟಿಯನ್ ಪಟ್ಟಣಕ್ಕೆ 1845ರಲ್ಲಿ ರಾಣಿ ಎರಡನೆಯ ಇಸಾಬೆಲ್ ವೈದ್ಯರ ಸಲಹೆಯಂತೆ ಸಮುದ್ರಸ್ನಾನಕ್ಕೆ ಬಂದಳು. ಶ್ರೀಮಂತರು ಅವಳ ಹಿಂದೆ ಬಂದರು. ಮೀನುಗಾರರ ಊರು ವಿಹಾರದ ಊರಾಯಿತು. ಅಲ್ಲಿಯದೂ ನಡುಗಡ್ಡೆಯೊಂದು ಕಾವಲಿರುವ ಅರ್ಧಚಂದ್ರಾಕಾರದ ಕೊಲ್ಲಿಯೇ. ಕಾರವಾರಕ್ಕೆ ರಾಣಿಯರು ಬರಲಿಲ್ಲ, ಕವಿಯೊಬ್ಬ ಬಂದ. ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಇಪ್ಪತ್ತೆರಡರ ತರುಣ ರವೀಂದ್ರನಾಥ ಠಾಕೂರರು 1883ರಲ್ಲಿ ಬಂದಿದ್ದರು. ಕಾಳೀ ನದಿಯಲ್ಲಿ ಬೆಳದಿಂಗಳ ರಾತ್ರಿ ದೋಣಿಯಲ್ಲಿ ಹೋಗಿ, ಮರಳ ಮೇಲೆ ನಡೆದು ಮರಳಿದ್ದನ್ನು ತಮ್ಮ ಜೀವನಸ್ಮೃತಿಯಲ್ಲಿ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ನಾಟಕವನ್ನು ಬರೆದದ್ದು ಇಲ್ಲಿಯೇ. ಲೋಕವನ್ನು ತೊರೆದ ಸಂನ್ಯಾಸಿಯನ್ನು ಅನಾಥ ಹುಡುಗಿಯೊಬ್ಬಳ ಪ್ರೀತಿ ಮರಳಿ ಲೋಕಕ್ಕೆ ಎಳೆದು ತರುವ ಕತೆ ಅದು. ದಂಡೆಗೆ ಈಗ ಅವರದೇ ಹೆಸರು.

ಅದೇ ದಂಡೆಯಲ್ಲಿ ಸೋವಿಯತ್ ದೇಶದಲ್ಲಿ ಕಟ್ಟಿದ ಚಪಲ್ ಎಂಬ ಯುದ್ಧನೌಕೆಯನ್ನು ಸಂಗ್ರಹಾಲಯವನ್ನಾಗಿ ನಿಲ್ಲಿಸಿದ್ದಾರೆ. ಮಕ್ಕಳಿಗೆ ಬಹಳ ಇಷ್ಟವಾಗುವಂಥದು. ಅವ್ವ ಹೊರಗಿನಿಂದ ನೋಡಿ, “ನೀರಾಗ ಇರೋದನ್ನ ಯಾಕ ಮ್ಯಾಲ ಇಟ್ಟಾರ?” ಎಂದು ಮುಂದೆ ನಡೆದಳು.

ಭಾನುವಾರ ಬೆಳಗ್ಗೆ ಕಂಡ ನೋಟಕ್ಕಾಗಿಯೇ ನಾನು ಮತ್ತೊಮ್ಮೆ ಹೋಗಬಲ್ಲೆ. ದೋಣಿಯೊಂದು ಬಲೆಯನ್ನು ಅರೆವೃತ್ತವಾಗಿ ಕಡಲಲ್ಲಿ ಹಾಸಿ ಬಂದಿತ್ತು. ಅದರ ಎರಡು ತುದಿಗಳ ಹಗ್ಗಗಳನ್ನು ದಂಡೆಯ ಮೇಲೆ ಎರಡು ಗುಂಪುಗಳು ಹಿಡಿದು, ಹಿಂದೆ ಹಿಂದೆ ಹೆಜ್ಜೆಯಿಡುತ್ತ ಎಳೆಯುತ್ತಿದ್ದುವು. ಹೆಂಗಸರು, ಗಂಡಸರು, ಶಾಲೆಯ ಹುಡುಗರು, ಎಲ್ಲರೂ. ಇದು ಏಂಡಿ ಬಲೆ, ಹಿಂದಿನ ದೊಡ್ಡ ರಂಪಣಿಯ ತಂಗಿಯೆನ್ನಬಹುದು. ರಂಪಣಿಯ ಕಾಲದಲ್ಲಿ ಒಂದು ಬಲೆಗೆ ಹಲವು ಹತ್ತು ಮನೆಗಳ ಪಾಲು. ಎಳೆದವರಿಗೆಲ್ಲ ಬಂಗುಡೆ, ತಾರ್ಲೆಯ ಹಂಚಿಕೆ. 1970ರ ದಶಕದ ಕೊನೆಗೆ ಯಂತ್ರದ ಪರ್ಸೀನ್ ಬೋಟುಗಳು ಬಂದು ಮೀನಿನ ಹಿಂಡನ್ನು ಆಳದಲ್ಲೇ ಸುತ್ತುವರಿದು ಹಿಡಿಯತೊಡಗಿದ ಮೇಲೆ ದಂಡೆಯವರೆಗೆ ಬರುವ ಮೀನು ಕಡಿಮೆಯಾಯಿತು, ರಂಪಣಿಗಳು ಒಂದೊಂದಾಗಿ ಮೂಲೆ ಸೇರಿದುವು. ನಮ್ಮ ಕಡೆ ಬೋರ್‌ವೆಲ್ ಬಂದ ಮೇಲೆ ಬಾವಿಗಳಿಗೆ ಆದ ಗತಿಯೇ ಇದು.

ನಾನು ಹೀಗೆ ತತ್ತ್ವ ಯೋಚಿಸುತ್ತ ನಿಂತಿರುವಾಗ ಅವ್ವ ಪಕ್ಕದಲ್ಲಿರಲಿಲ್ಲ. ನೋಡುತ್ತೇನೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗ ಹಿಡಿದಿದ್ದಾಳೆ! ಬಾವಿಯ ಹಗ್ಗ ಸೇದಿದ ಕೈಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮುಂದಿನ ಮೀನುಗಾರ ಹೆಂಗಸು ಕೊಂಕಣಿಯಲ್ಲಿ ಏನೋ ಹೇಳಿದಳು, ಅವ್ವ ಬೀದರದ ಕನ್ನಡದಲ್ಲಿ ಉತ್ತರ ಕೊಟ್ಟಳು, ಇಬ್ಬರೂ ನಕ್ಕರು. ಬಲೆ ಮೇಲೆ ಬಂದಾಗ ಧರ್ಮದಂತೆ ಅವ್ವನ ಪಾಲಿಗೂ ನಾಲ್ಕು ಬಂಗುಡೆ ಬಂದುವು. ಜನ್ಮದಲ್ಲಿ ಮೀನು ಮುಟ್ಟದವಳು ಅವನ್ನು ಬೇಡವೆನ್ನಲಿಲ್ಲ. ಸೆರಗಿನ ತುದಿಯಲ್ಲಿ ಹಿಡಿದು, ಆ ಹೆಂಗಸಿನ ಮಗಳ ಬುಟ್ಟಿಗೆ ಹಾಕಿ, “ಉಡಿ ತುಂಬಿದಂಗಾತು” ಎಂದಳು.

ವಸತಿಗೃಹಕ್ಕೆ ಬಂದರೆ ಸ್ನಾನದ ಮನೆಯ ನಲ್ಲಿಯಲ್ಲಿ ನೀರು ನಿಂತಿತ್ತು. ಒಂದೊಂದು ಕೋಣೆಗೆ ಎರಡೆರಡು ಬಕೆಟ್ ನೀರು ಹೊತ್ತು ತಂದ ಹುಡುಗನನ್ನು ನೋಡಿ ಅವ್ವನಿಗೆ ಮೊದಲು ಅಚ್ಚರಿ, ಆಮೇಲೆ ಮರುಕ. ನಮ್ಮ ಕೋಣೆಗೆ ಒಂದೇ ಬಕೆಟ್ ಸಾಕೆಂದು ಹೇಳಿ ಇನ್ನೊಂದನ್ನು ಹಿಂದಕ್ಕೆ ಕಳಿಸಿದಳು. ಒಂದು ಬಕೆಟ್ಟಿನಲ್ಲಿ ಮೂವರು ಸ್ನಾನ ಮಾಡುವ ವಿದ್ಯೆಯಲ್ಲಿ ಮಂಠಾಳದವರನ್ನು ಮೀರಿಸುವವರಿಲ್ಲ.

ಮಧ್ಯಾಹ್ನ ಕಾಳೀ ನದಿ ದಾಟಿ ಸದಾಶಿವಗಡಕ್ಕೆ ಹೋದೆವು. ಇಲ್ಲಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು, ಲಾರಿಯೊಂದು ನದಿಗೆ ಬಿದ್ದು, ಚಾಲಕ ಬದುಕಿ ಉಳಿದದ್ದನ್ನು ಆಟೋದವನು ತಾನೇ ಕಂಡಂತೆ ಬಣ್ಣಿಸಿದ. ಗುಡ್ಡದ ಕೋಟೆಯನ್ನು ಸೋದೆಯ ಅರಸ ಬಸವಲಿಂಗರಾಜ ಕಟ್ಟಿಸಿ ತಂದೆಯ ಹೆಸರಿಟ್ಟ. ಉಳಿದಿರುವುದು ಸ್ವಲ್ಪ; ಹೆದ್ದಾರಿಯೂ ಗುಡ್ಡವನ್ನು ಸೀಳಿಕೊಂಡು ಹೋಗಿದೆ. ಆದರೆ ಮೇಲಿನಿಂದ ನದಿಯೂ ಕಡಲೂ ಕೂಡುವ ನೋಟಕ್ಕೆ ಕೊರತೆಯಿಲ್ಲ. 1956ರ ನವೆಂಬರ್ 1ರವರೆಗೆ ಈ ಊರು ಮುಂಬಯಿ ರಾಜ್ಯದಲ್ಲಿತ್ತು, ನಮ್ಮದು ಹೈದರಾಬಾದ್ ರಾಜ್ಯದಲ್ಲಿ. ಇವರ ನಾಲಗೆಯಲ್ಲಿ ಕೊಂಕಣಿ ಬೆರೆತಂತೆ ನಮ್ಮಲ್ಲಿ ಮರಾಠಿ, ಉರ್ದು. ರಾಜಧಾನಿ ಇಬ್ಬರಿಗೂ ದೂರ. ಬೀಗರೆಂದ ಅವ್ವನ ಮಾತು ಅಷ್ಟು ತಪ್ಪಾಗಿರಲಿಲ್ಲ.

ಕೂರ್ಮಗಡ ನಡುಗಡ್ಡೆಗೆ ದೋಣಿಯಲ್ಲಿ ಹೋಗಬೇಕೆಂದು ನನ್ನಾಕೆಯ ಆಸೆ. 2019ರ ಜನವರಿಯಲ್ಲಿ ಅಲ್ಲಿಯ ನರಸಿಂಹ ದೇವರ ಜಾತ್ರೆಯಿಂದ ಮರಳುವಾಗ ದೋಣಿ ಮಗುಚಿ ಹದಿನಾರು ಮಂದಿ ಸತ್ತರು. ಅವರಲ್ಲಿ ನಮ್ಮಂತೆ ಬಯಲುಸೀಮೆಯಿಂದ ಬಂದವರೂ ಇದ್ದರು. ಆ ಆಸೆಯನ್ನು ಮುಂದಿನ ಸಲಕ್ಕೆ ಬಿಟ್ಟೆವು.

ಸೋಮವಾರ ಊರು ಮುಟ್ಟಿದೆವು. ಮಂಗಳವಾರ ಆ ವಿದ್ಯಾರ್ಥಿನಿಗೆ ಉತ್ತರ ಹೇಳಿದೆ. ತರಗತಿ ನಕ್ಕಿತು, ನಾನೂ ನಕ್ಕೆ. ಸಂಜೆ ಮನೆಗೆ ಬರುವಾಗ ಓಣಿಯ ನಲ್ಲಿಯ ಮುಂದೆ ಕೊಡಗಳ ಸಾಲು, ನಡುವೆ ಅವ್ವ. ನೆರೆಯವರೊಬ್ಬರು ಸಮುದ್ರ ಹ್ಯಾಂಗದವ್ವಾ ಎಂದು ಕೇಳಿದ್ದರೆಂದು ತೋರುತ್ತದೆ. ಅವಳು ಕೊಡವನ್ನು ಕೆಳಗಿಟ್ಟು, ಬಾಗಿ, ಕಣಕಾಲಿನ ಹತ್ತಿರ ಅಂಗೈ ಚಾಚಿ ತೋರಿಸುತ್ತಿದ್ದಳು.

“ಇಲ್ಲೀತನಾ ಬರ್ತದ, ಮತ್ತ ಹೊಳ್ಳಿ ಹೋಗ್ತದ.”